ಗೊರವಂಕ ಇರುವಾಗ ಪಂಜರವೇಕೆ?

ಮಾತಾಡುವ ಹಕ್ಕಿಯನ್ನು ಪಂಜರದಲ್ಲಿಟ್ಟು ಅದನ್ನು ಪ್ರೀತಿ ಎನ್ನುವವರೊಡನೆ ನನ್ನದೊಂದು ಜಗಳವಿದೆ. ನಮ್ಮ ಬಡಾವಣೆಯ ಒಂದು ಮನೆಯಲ್ಲಿ ಬೆಟ್ಟದ ಮೈನಾ ಇತ್ತು. ಬಂದವರಿಗೆಲ್ಲ "ಬನ್ನಿ, ಕಾಫಿ ಕುಡೀರಿ" ಅನ್ನುತ್ತಿತ್ತು. ಬಿಟ್ಟುಬಿಡಬಾರದೇ ಎಂದರೆ ಆ ಮನೆಯವರು, "ಅದಕ್ಕೇನ್ರೀ ಕಮ್ಮಿ? ಹೊತ್ತಿಗೆ ಸರಿಯಾಗಿ ಹಣ್ಣು, ನೀರು, ನೆರಳು" ಎಂದರು. ಈ ಮಾತನ್ನು ನಾವು ಹೆಂಗಸರು ಎಲ್ಲೋ ಕೇಳಿದ ಹಾಗಿಲ್ಲವೇ?

ನಮ್ಮ ಬೀದಿಯ ಗೊರವಂಕವೂ ಇದರ ಬಳಗದ್ದೇ. ಕಂದು ಮೈ, ಕಣ್ಣಿನ ಸುತ್ತ ಅರಿಶಿನ ಬಳಿದಂಥ ಹಳದಿ. ಹುಳು, ಕಾಳು, ನಾವು ಚೆಲ್ಲಿದ ಅನ್ನ, ಯಾವುದಾದರೂ ಆದೀತು. ಗೋಡೆಯ ತೂತಿನಲ್ಲೇ ಸಂಸಾರ ಹೂಡಿ, ಅಂಗಳದಲ್ಲಿ ಠೀವಿಯಿಂದ ಓಡಾಡುತ್ತದೆ. ಬೆಟ್ಟದ ಮೈನಾ ಹಾಗಲ್ಲ. ಮಿರಮಿರ ಕಪ್ಪು ಮೈ, ಕಿತ್ತಳೆ ಕೊಕ್ಕು, ಕಣ್ಣಿನ ಹಿಂದೆ ಹಳದಿ ಚರ್ಮದ ಪಟ್ಟಿ. ಬಾಳೆಲ್ಲ ಎತ್ತರದ ಮರಗಳಲ್ಲಿ, ನೆಲಕ್ಕಿಳಿಯುವುದೇ ಅಪರೂಪ. ಹಣ್ಣು ತಿಂದು ಬೀಜ ಹರಡುತ್ತದೆ. ನಮ್ಮ ಪಶ್ಚಿಮಘಟ್ಟದಲ್ಲಿ ಒಂದು ಬಗೆ, ಬಸ್ತರ್ ಮತ್ತು ಈಶಾನ್ಯದ ಕಾಡುಗಳಲ್ಲಿ ಇನ್ನೊಂದು. ಮೇಘಾಲಯಕ್ಕೂ ಛತ್ತೀಸಗಢಕ್ಕೂ ಅದು ರಾಜ್ಯಪಕ್ಷಿ.

ಗೊರವಂಕಕ್ಕೂ ನಾಲ್ಕು ಮಾತು ಕಲಿಸಬಹುದು. ಆದರೆ ಬೆಟ್ಟದ ಮೈನಾದಷ್ಟು ಸ್ಪಷ್ಟವಲ್ಲ. ಅದೇ ಅದರ ಪುಣ್ಯ!

"ಅಣಕಿಸುವುದು ಅದರ ಹುಟ್ಟುಗುಣ" ಎಂದು ವಾದಿಸುವವರಿದ್ದಾರೆ. ಕಾಡಿನಲ್ಲಿ ಇದನ್ನು ಅಧ್ಯಯನ ಮಾಡಿದವರು ಕಂಡದ್ದೇ ಬೇರೆ. ಅಲ್ಲಿ ಅದು ಬೇರೆ ಜಾತಿಯ ಹಕ್ಕಿಗಳ ದನಿಯನ್ನು ಅನುಕರಿಸುವುದಿಲ್ಲ. ಅಕ್ಕಪಕ್ಕದ ತನ್ನವರ ಕೂಗನ್ನಷ್ಟೇ ಕಲಿಯುತ್ತದೆ. ಹೆಣ್ಣು ಹೆಣ್ಣಿನಿಂದ, ಗಂಡು ಗಂಡಿನಿಂದ. ಕಣ್ಣುಬಿಡುವ ಮುನ್ನವೇ ಪೊಟರೆಯಿಂದ ಕಿತ್ತು ತಂದ ಮರಿಗೆ ನೆರೆಹೊರೆ ಎಲ್ಲಿಂದ ಬರಬೇಕು? ಕಿವಿಗೆ ಬಿದ್ದದ್ದನ್ನು ಕಲಿಯುತ್ತದೆ. ಕಾಫಿಯೆಂದರೇನೆಂದು ಅದಕ್ಕೆ ಗೊತ್ತಿಲ್ಲ. ತನ್ನವರ ಕೂಗು ಯಾವುದೆಂಬುದೂ ಗೊತ್ತಿಲ್ಲ. ಅದನ್ನು ಕೇಳಿ ನಾವು ನಗುತ್ತೇವೆ.

ಒಂದು ಸಲಕ್ಕೆ 2-3 ಮೊಟ್ಟೆಯಿಡುವ ಹಕ್ಕಿ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಆದರೆ ಕಾಯಿದೆ ಎಲ್ಲರ ಜಗಲಿಗೂ ಬಂದು ಇಣುಕೀತೇ? ಕೊಳ್ಳುವವರಿರುವ ತನಕ ಮರ ಹತ್ತುವವರೂ ಇರುತ್ತಾರೆ. ಆ ಕೊಳ್ಳುವ ಕೈ ನಮ್ಮ ಮನೆಯದಾಗದಿರಲಿ.

ಮಕ್ಕಳು ಮೈನಾ ಬೇಕೆಂದು ಹಟ ಹಿಡಿದರೆ ಕಿಟಕಿ ತೆರೆದು ಗೊರವಂಕ ತೋರಿಸಿ. ಸಂಜೆ ಆಲದ ಮರದಲ್ಲಿ ನೂರಾರು ಸೇರಿ ಗದ್ದಲ ಮಾಡುತ್ತವಲ್ಲ, ಅಲ್ಲಿಗೆ ಕರೆದೊಯ್ಯಿರಿ. ಒಂದು ಮಾತೂ ನಮಗೆ ಅರ್ಥವಾಗುವುದಿಲ್ಲ. ಆಗಬೇಕಾದ್ದೂ ಇಲ್ಲ, ಅದು ಅವುಗಳ ಮಾತು.