ಹಿಮ ಬೀಳದ ವರ್ಷ ಮತ್ತು ವರ್ತಕರ ಮಾತು

ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ, ಎದುರಿಗೇ ತೂಗಿಸಿಕೊಂಡು ಕೊಳ್ಳುವ ಸರಕಿನ ವ್ಯಾಪಾರದಲ್ಲಿ ಮಾರುವವನ ಬಣ್ಣನೆಗೆ ಒಂದು ಮಿತಿಯುಂಟು. ಅಡಿಕೆಯ ಮೂಟೆ ಬಿಚ್ಚಿದೊಡನೆ ಮಾಲು ಎಂತಹುದೆಂಬುದು ತಿಳಿದುಹೋಗುತ್ತದೆ. ಆದರೆ ಗಿರಾಕಿಯು ಮುಂಗಡ ತೆತ್ತು, ದಿನವಿಡೀ ಪ್ರಯಾಣ ಮಾಡಿ, ಸ್ಥಳಕ್ಕೆ ತಲುಪಿದ ಮೇಲಷ್ಟೇ ನೋಡಬಹುದಾದ ಸರಕುಗಳೂ ಇವೆ. ಅಂತಹ ವ್ಯಾಪಾರದಲ್ಲಿ ಮಾರುವವನ ಮಾತನ್ನು ಬಿಟ್ಟರೆ ಕೊಳ್ಳುವವನಿಗೆ ಬೇರೆ ಆಧಾರವಿಲ್ಲ. ಸುಗ್ಗಿಯ ವರ್ಷದಲ್ಲಿ ಆ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ. ಅದಕ್ಕೆ ನಿಜವಾದ ಪರೀಕ್ಷೆ ಒದಗುವುದು ಕೆಟ್ಟ ವರ್ಷದಲ್ಲಿ. ಅಮೆರಿಕದ ಉತ್ತರ ಭಾಗದ ಹಿಮವಾಹನ ವ್ಯಾಪಾರವು 2023-24ರ ಚಳಿಗಾಲದಲ್ಲಿ ಇಂತಹ ಪರೀಕ್ಷೆಗೆ ಒಳಗಾಯಿತು. ದೂರದ ಸಂಗತಿಯಾದರೂ, ಅಲ್ಲಿ ಪ್ರಶ್ನೆ ಬಂದು ನಿಂತದ್ದು ನಮ್ಮಂತಹುದೇ ವಾಣಿಜ್ಯ ಮಂಡಳಿಗಳ ಬಾಗಿಲಿಗೆ. ಆದ್ದರಿಂದ ಅದನ್ನು ನಮ್ಮ ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಗಮನಕ್ಕೆ ತರುವುದು ಉಚಿತವೆಂದು ಭಾವಿಸುತ್ತೇನೆ.

ವ್ಯಾಪಾರದ ಹಿನ್ನೆಲೆ

ಮುಂದೆ ಎರಡು ಜಾರುಪಟ್ಟಿ, ಹಿಂದೆ ತಿರುಗುವ ರಬ್ಬರ್ ಪಟ್ಟಿ, ನಡುವೆ ಮೋಟಾರ್ ಸೈಕಲ್ಲಿನಂತಹ ಆಸನ. ಇದು ಸ್ನೋಮೊಬೈಲ್ ಎಂಬ ಹಿಮವಾಹನದ ಸ್ವರೂಪ. ವಿಸ್ಕಾನ್ಸಿನ್ ರಾಜ್ಯದ ಸೇನರ್ ಎಂಬ ಹಳ್ಳಿಯಲ್ಲಿ ಕಾರ್ಲ್ ಎಲಿಯಾಸನ್ ಎಂಬಾತನು 1924ರಲ್ಲಿ ಇಂತಹ ಒಂದು ಯಂತ್ರವನ್ನು ತಾನೇ ಕಟ್ಟಿ, 1927ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಮಿನ್ನೆಸೋಟ ರಾಜ್ಯದ ರೋಸೋ ಪಟ್ಟಣದ ಪೊಲಾರಿಸ್, ಥೀಫ್ ರಿವರ್ ಫಾಲ್ಸ್ ಪಟ್ಟಣದ ಆರ್ಕ್ಟಿಕ್ ಕ್ಯಾಟ್, ಕೆನಡಾದ ಬೊಂಬಾರ್ಡಿಯೇ ಸಂಸ್ಥೆಯ ಸ್ಕೀ-ಡೂ ಇವೆಲ್ಲ ಸಣ್ಣ ಊರುಗಳಲ್ಲಿ ಹುಟ್ಟಿ ಬೆಳೆದ ಉದ್ದಿಮೆಗಳು.

ವಿಸ್ಕಾನ್ಸಿನ್ ಒಂದರಲ್ಲೇ ಸುಮಾರು 40,000 ಕಿಲೋಮೀಟರ್ ಉದ್ದದ ಹಿಮಹಾದಿಗಳಿವೆ. ಇವುಗಳಲ್ಲಿ ಬಹುಪಾಲು ಹಾಯುವುದು ಖಾಸಗಿ ಜಮೀನಿನಲ್ಲಿ, ಮಾಲೀಕರ ಅನುಮತಿಯಿಂದ. ಹಾದಿಗಳನ್ನು ಹದಗೊಳಿಸುವವರು ಹೆಚ್ಚಾಗಿ ಸ್ಥಳೀಯ ಸಂಘಗಳ ಸ್ವಯಂಸೇವಕರು. ವೆಚ್ಚಕ್ಕೆ ನೋಂದಣಿ ಹಾಗೂ ಹಾದಿ ಶುಲ್ಕದ ಹಣ ಒದಗುತ್ತದೆ. ಈ ಹಾದಿಗಳ ಮೇಲೆ ಬರುವ ಜನರನ್ನು ನಂಬಿ ವಸತಿಗೃಹ, ಉಪಾಹಾರಗೃಹ, ಪೆಟ್ರೋಲ್ ಬಂಕ್, ಬಿಡಿಭಾಗದ ಅಂಗಡಿ, ದುರಸ್ತಿ ಶೆಡ್ಡುಗಳು ಬದುಕುತ್ತವೆ. ಷಿಕಾಗೋ ನಗರದಿಂದ ಈಗಲ್ ರಿವರ್ ಪಟ್ಟಣಕ್ಕೆ ಐನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಯಂತ್ರಗಳನ್ನು ಟ್ರೇಲರಿಗೆ ಏರಿಸಿ ಕುಟುಂಬ ಸಮೇತ ಹೊರಡುವವನು ಮೊದಲು ಕೇಳುವ ಪ್ರಶ್ನೆ ಒಂದೇ: "ಹಾದಿ ಹೇಗಿದೆ?" ಈ ಪ್ರಶ್ನೆಗೆ ಉತ್ತರಿಸುವ ಹಾದಿ ವರದಿಯನ್ನು ಅನೇಕ ಪಟ್ಟಣಗಳಲ್ಲಿ ಪ್ರಕಟಿಸುವುದು ಅಲ್ಲಿನ ವಾಣಿಜ್ಯ ಮಂಡಳಿಯೇ. ಸಮಸ್ಯೆಯ ಬೇರು ಇಲ್ಲಿದೆ. ಮಂಡಳಿಗೆ ಚಂದಾ ಕೊಡುವವರು ವಸತಿಗೃಹದ ಮಾಲೀಕರು. ಮಂಡಳಿಯ ವರದಿಯನ್ನು ನಂಬಿ ಹಣ ಖರ್ಚು ಮಾಡುವವನು ಪರಸ್ಥಳದ ಗಿರಾಕಿ.

ಹಿಮವೇ ಇಲ್ಲದ ಋತು

ಅಮೆರಿಕದ ಮುಖ್ಯ ಭೂಭಾಗದ 48 ರಾಜ್ಯಗಳನ್ನು ಒಟ್ಟಾಗಿ ಗಣಿಸಿದರೆ 2023-24ರದು ಅಲ್ಲಿಯವರೆಗೆ ದಾಖಲಾದ ಅತ್ಯಂತ ಬೆಚ್ಚಗಿನ ಚಳಿಗಾಲ. ವಿಸ್ಕಾನ್ಸಿನ್, ಮಿನ್ನೆಸೋಟ, ಮಿಷಿಗನ್ ಮೂರೂ ರಾಜ್ಯಗಳಲ್ಲಿ ದಾಖಲೆ ಮುರಿಯಿತು. ಫೆಬ್ರವರಿ ನಡುವಿನಲ್ಲಿ ಮಹಾಸರೋವರಗಳ ಮೇಲಿನ ಮಂಜುಗಡ್ಡೆ ಆ ದಿನಗಳಿಗೆ ಹಿಂದೆಂದೂ ಕಾಣದಷ್ಟು ಕಡಿಮೆಯಿತ್ತು. ಮಿನ್ನೆಸೋಟದ ಹೆಸರಾಂತ ಜಾನ್ ಬೇರ್‌ಗ್ರೀಸ್ ನಾಯಿಬಂಡಿ ಓಟ ರದ್ದಾಯಿತು. ವಿಸ್ಕಾನ್ಸಿನ್‌ನ ಅಮೆರಿಕನ್ ಬರ್ಕಿಬೈನರ್ ಸ್ಕೀ ಓಟವನ್ನು ಕೃತಕ ಹಿಮ ಹರಡಿದ 10 ಕಿಲೋಮೀಟರಿನ ಸುತ್ತುಹಾದಿಯಲ್ಲಿ ನಡೆಸಬೇಕಾಯಿತು. ಎಲಿಯಾಸನ್‌ನ ಯಂತ್ರಕ್ಕೆ ನೂರು ತುಂಬಿದ ವರ್ಷದಲ್ಲೇ ಅವನ ಸೀಮೆಯಲ್ಲಿ ಹಿಮಕ್ಕೆ ಬರ ಬಂದದ್ದು ವಿಧಿಯ ವಿಡಂಬನೆಯೇ ಸರಿ.

ಓಟದ ವ್ಯವಸ್ಥಾಪಕರು ರದ್ದು ಮಾಡಬಹುದು, ಇಲ್ಲವೇ ಕೃತಕ ಹಿಮ ಹರಡಬಹುದು. ಸಾವಿರಾರು ಕಿಲೋಮೀಟರ್ ಕಾಡುಹಾದಿಗೆ ಈ ಎರಡನೆಯ ಉಪಾಯ ಸಲ್ಲದು. ಅಲ್ಲಿ ವರ್ತಕನಿಗೆ ಉಳಿಯುವುದು ಎರಡೇ ದಾರಿ: ಇದ್ದುದನ್ನು ಇದ್ದಂತೆ ಹೇಳುವುದು, ಅಥವಾ ಇಲ್ಲದ್ದನ್ನು ಇದೆಯೆನ್ನುವುದು.

ಒಂದು ವಿಶೇಷಣದ ವಿಸ್ತಾರ

ಇಲ್ಲದ್ದನ್ನು ಇದೆಯೆನ್ನಲು ಸಂಪೂರ್ಣ ಸುಳ್ಳೇ ಬೇಕೆಂದಿಲ್ಲ. "ಹಾದಿ ತೆರೆದಿದೆ" ಎಂಬುದು ನಿಜವಿರಬಹುದು. ತೆರೆದ ಹಾದಿ ಉತ್ತಮ ಹಾದಿಯಾಗಬೇಕಿಲ್ಲ. "ನಿನ್ನೆ ಹೊಸ ಹಿಮ ಬಿದ್ದಿದೆ" ಎಂಬುದೂ ನಿಜವಿರಬಹುದು. ಹಗುರವಾದ ಹೊಸ ಹಿಮವನ್ನು ಯಂತ್ರದಿಂದ ಒತ್ತಿದಾಗ ಉಳಿಯುವ ದಪ್ಪವೇ ಬೇರೆ. ಕೆಳಗಿನ ನೆಲ ಹೆಪ್ಪುಗಟ್ಟಿರಬೇಕು, ಜೌಗು ಪ್ರದೇಶ ಗಟ್ಟಿಯಾಗಿರಬೇಕು, ಹದಗೊಳಿಸಿದ ಹಾದಿ ರಾತ್ರಿಯ ಚಳಿಯಲ್ಲಿ ಬಿಗಿಯಾಗಲು ಹೊತ್ತು ಸಿಕ್ಕಿರಬೇಕು. ಇಷ್ಟಾದ ಮೇಲೆಯೇ ಅದು ಸವಾರಿಗೆ ಯೋಗ್ಯ.

ತಾಂತ್ರಿಕ ದೃಷ್ಟಿಯಿಂದಲೂ ಇದು ಅಲ್ಪ ವಿಷಯವಲ್ಲ. ಇಂದಿನ ಬಹುತೇಕ ಹಿಮವಾಹನಗಳ ಎಂಜಿನ್ನನ್ನು ತಂಪುಗೊಳಿಸುವ ದ್ರವವು ರಬ್ಬರ್ ಪಟ್ಟಿಯ ಮೇಲ್ಭಾಗದಲ್ಲಿರುವ ಶಾಖ ವಿನಿಮಯಕಗಳ ಮೂಲಕ ಹಾಯುತ್ತದೆ. ಪಟ್ಟಿಯು ಚಿಮ್ಮಿಸುವ ಹಿಮವೇ ಅವುಗಳ ಶಾಖವನ್ನು ಹೀರಿಕೊಳ್ಳುತ್ತದೆ. ಪಟ್ಟಿಯು ಜಾರುವ ಹಳಿಗಳಿಗೆ ಅಂಟಿಸಿದ ಪ್ಲಾಸ್ಟಿಕ್ ತುಂಡುಗಳಿಗೂ ಹಿಮವೇ ಕೀಲೆಣ್ಣೆಯಿದ್ದಂತೆ. ಹಿಮ ತೆಳುವಾದರೆ ಎಂಜಿನ್ ಕಾಯುತ್ತದೆ, ಪ್ಲಾಸ್ಟಿಕ್ ಕರಗಿ ಸವೆಯುತ್ತದೆ, ಕಲ್ಲು ತಾಗಿ ಬಿಡಿಭಾಗ ಮುರಿಯುತ್ತದೆ. ಗಿರಾಕಿಯು ಕೊಠಡಿಯ ಬಾಡಿಗೆಯ ಜೊತೆಗೆ ದುರಸ್ತಿಯ ಖರ್ಚನ್ನೂ ತೆತ್ತು, ಮನಸ್ಸಿನಲ್ಲಿ ಆ ಊರಿನ ಹೆಸರನ್ನು ಗುರುತು ಹಾಕಿಕೊಂಡು ಹಿಂದಿರುಗುತ್ತಾನೆ.

ನಷ್ಟವು ಇಲ್ಲಿಗೇ ನಿಲ್ಲುವುದಿಲ್ಲ. ಹಾದಿಯಲ್ಲಿ ಹಿಮವಿಲ್ಲವೆಂದು ಸವಾರನು ಪಕ್ಕದ ಹೊಲಕ್ಕೆ ಯಂತ್ರ ಇಳಿಸಿದರೆ ಬೆಳೆ ಹಾಳಾಗುತ್ತದೆ. ಬೇಸತ್ತ ರೈತನು ಮರುವರ್ಷ ಅನುಮತಿ ನಿರಾಕರಿಸಿದರೆ ಇಡೀ ಹಾದಿಯೇ ತುಂಡಾಗುತ್ತದೆ. ಇನ್ನೊಬ್ಬನು ಹೆಪ್ಪುಗಟ್ಟಿದ ಕೆರೆಯ ಮೇಲೆ ಹೊರಡುತ್ತಾನೆ. ಹಿಮವಾಹನಕ್ಕೆ ಕನಿಷ್ಠ 5ರಿಂದ 7 ಅಂಗುಲ ದಪ್ಪದ ಗಟ್ಟಿ ಮಂಜುಗಡ್ಡೆ ಬೇಕೆಂದೂ, ಯಾವ ಮಂಜುಗಡ್ಡೆಯೂ ಪೂರ್ತಿ ಸುರಕ್ಷಿತವಲ್ಲವೆಂದೂ ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಎಚ್ಚರಿಸುತ್ತ ಬಂದಿದೆ. ಬೆಚ್ಚಗಿನ ಚಳಿಗಾಲದಲ್ಲಿ ಒಂದು ಉತ್ಪ್ರೇಕ್ಷೆಯ ಬೆಲೆ ಮನುಷ್ಯಜೀವವೇ ಆಗಬಹುದು.

ಶನಿವಾರದ ಹಿಮ

ಇಂತಹ ಉತ್ಪ್ರೇಕ್ಷೆ ಕೇವಲ ಊಹೆಯಲ್ಲ. ಡಾರ್ಟ್‌ಮತ್ ಕಾಲೇಜಿನ ಅರ್ಥಶಾಸ್ತ್ರಜ್ಞರಾದ ಜೊನಾಥನ್ ಜಿನ್‌ಮನ್ ಹಾಗೂ ಎರಿಕ್ ಜಿಟ್ಜೆವಿಟ್ಜ್ ಅವರು ಹಿಮವಾಹನಕ್ಕೆ ನೆರೆಯ ವ್ಯಾಪಾರವಾದ ಸ್ಕೀ ತಾಣಗಳ ವರದಿಗಳನ್ನು ಅಭ್ಯಸಿಸಿ, ಈ ತಾಣಗಳು ವಾರದ ದಿನಗಳಿಗಿಂತ ವಾರಾಂತ್ಯಗಳಲ್ಲಿ ಹೆಚ್ಚು ಹಿಮ ಬಿದ್ದಿತೆಂದು ವರದಿ ಮಾಡುತ್ತವೆ ಎಂದು ತೋರಿಸಿದರು. 2009ರ ಅವರ ಮೊದಲ ಪ್ರಬಂಧದಲ್ಲಿ ಈ ಹೆಚ್ಚಳ ಶೇಕಡ 23ರಷ್ಟಿತ್ತು. ಮೋಡಗಳಿಗೆ ಶನಿವಾರ, ಭಾನುವಾರದ ಪರಿವೆ ಇರುವುದಿಲ್ಲ. ಟಿಕೆಟ್ ಮಾರುವವರಿಗೆ ಇರುತ್ತದೆ.

ನಮ್ಮ ಓದುಗರು ಹೆಚ್ಚು ಗಮನಿಸಬೇಕಾದದ್ದು ಅದೇ ಅಧ್ಯಯನದ ಎರಡನೆಯ ಭಾಗವನ್ನು. ಸ್ಕೀ ಆಡುವವರು ತಾವು ಕಂಡ ಹಿಮದ ಸ್ಥಿತಿಯನ್ನು ಸ್ಥಳದಿಂದಲೇ ಮೊಬೈಲ್ ಫೋನಿನ ಮೂಲಕ ಪರಸ್ಪರ ತಿಳಿಸುವ ಸೌಲಭ್ಯ ಬಂದೊಡನೆ ಉತ್ಪ್ರೇಕ್ಷೆ ತೀವ್ರವಾಗಿ ಕುಗ್ಗಿತು. ಫೋನಿನ ಸಂಕೇತ ಚೆನ್ನಾಗಿ ಸಿಗುವ ತಾಣಗಳಲ್ಲಿ ಇನ್ನೂ ಹೆಚ್ಚಾಗಿ ಕುಗ್ಗಿತು. ಎಂದರೆ, ಸತ್ಯ ಹೇಗೂ ಹೊರಬರುತ್ತದೆ. ಅದು ನಮ್ಮ ಬಾಯಿಂದ ಬರಬೇಕೋ, ಮೋಸಹೋದ ಗಿರಾಕಿಯ ಬಾಯಿಂದ ಬರಬೇಕೋ ಎಂಬುದಷ್ಟೇ ನಮ್ಮ ಆಯ್ಕೆಗೆ ಬಿಟ್ಟದ್ದು.

ಒಂದು ಆಕ್ಷೇಪಣೆ

"ಪಕ್ಕದ ಊರಿನವರು ಚೆನ್ನಾಗಿದೆ ಎನ್ನುತ್ತಿರುವಾಗ ನಾವು ಮಾತ್ರ ಕಳಪೆ ಎಂದರೆ ಗಿರಾಕಿಯನ್ನು ನಾವೇ ಅಟ್ಟಿದಂತಾಗದೆ? ಆಳುಗಳ ಸಂಬಳ, ಬ್ಯಾಂಕಿನ ಕಂತು ಸತ್ಯದಿಂದ ತೀರುವುದೇ?" ಎಂದು ವರ್ತಕರು ಕೇಳಬಹುದು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಕೆಟ್ಟ ವರ್ಷದಲ್ಲಿ ನಿಜ ಹೇಳುವುದರಿಂದ ಆ ವಾರದ ಕೊಠಡಿಗಳು ಖಾಲಿ ಉಳಿಯಬಹುದು. ಅದು ನಿಜವಾದ ನಷ್ಟ.

ಆದರೂ ಲೆಕ್ಕವನ್ನು ಪೂರ್ತಿಯಾಗಿ ಹಾಕಬೇಕು. ಎಲ್ಲರೂ "ಉತ್ತಮ" ಎಂದೇ ಬರೆಯುತ್ತಾರೆಂದು ಗಿರಾಕಿಗೆ ಮನದಟ್ಟಾದರೆ, ನಿಜಕ್ಕೂ ಉತ್ತಮ ಹಿಮವಿರುವ ವಾರದಲ್ಲೂ ಅವನು ವರದಿಯನ್ನು ನಂಬನು. ಗುಣಮಟ್ಟವನ್ನು ಅಳೆಯಲಾರದ ಗಿರಾಕಿಯಿರುವ ಪೇಟೆಯಲ್ಲಿ ಕಳಪೆ ಮಾಲು ಒಳ್ಳೆಯ ಮಾಲನ್ನು ಹೊರದೂಡುವುದೆಂದು ಜಾರ್ಜ್ ಅಕರ್‌ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದ್ದರು. 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯೂ ಸಂದಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ನಮ್ಮಲ್ಲಿದೆ. ಮದುವೆ ಒಮ್ಮೆ ಮುಗಿಯುವ ಕಾರ್ಯ. ವ್ಯಾಪಾರ ಪ್ರತಿವರ್ಷವೂ ನಡೆಯಬೇಕಾದದ್ದು.

ಮತ್ತೊಂದು ಅಂಶವಿದೆ. ಆ ಚಳಿಗಾಲದಲ್ಲಿ ನಷ್ಟಕ್ಕೊಳಗಾದ ಸಣ್ಣ ಉದ್ದಿಮೆಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಸಣ್ಣ ಉದ್ದಿಮೆ ಆಡಳಿತ ಸಂಸ್ಥೆಯು ವಿಪತ್ತು ಸಾಲದ ಸೌಲಭ್ಯ ಒದಗಿಸಿತು. ಹಿಮವಿಲ್ಲದೆ ನಷ್ಟವಾಯಿತೆಂದು ಸಾಲಕ್ಕೆ ಅರ್ಜಿ ಬರೆಯುವ ಕೈಯೇ ಅದೇ ವಾರದ ವರದಿಯಲ್ಲಿ "ಹಾದಿ ಉತ್ತಮ" ಎಂದು ಬರೆದಿದ್ದರೆ ಆ ಅರ್ಜಿಗೆ ಯಾವ ಬೆಲೆ? ಪ್ರಾಮಾಣಿಕ ದಾಖಲೆಯು ಕಷ್ಟಕಾಲದಲ್ಲಿ ವರ್ತಕನ ಪರವಾದ ಸಾಕ್ಷಿಯೂ ಹೌದು.

ಆಗಬೇಕಾದದ್ದೇನು?

ಉಪದೇಶದಿಂದ ಪ್ರಾಮಾಣಿಕತೆ ಬೆಳೆಯುವುದು ಅಪರೂಪ; ವ್ಯವಸ್ಥೆಯಿಂದ ಬೆಳೆದೀತು. ವರದಿ ನೀಡುವ ಯಾವುದೇ ವಾಣಿಜ್ಯ ಮಂಡಳಿ ಅನುಸರಿಸಬಹುದಾದ ಕೆಲವು ಕ್ರಮಗಳು ಹೀಗಿವೆ:

1. ಕೊಠಡಿ ಮಾರುವವನು ವರದಿ ಬರೆಯಬಾರದು. ಹಾದಿಯ ಮೇಲೆ ಯಂತ್ರ ಓಡಿಸಿ ಬಂದವನೇ ಬರೆಯಬೇಕು. ಅದನ್ನು ತಿದ್ದುವ ಅಧಿಕಾರ ಮಂಡಳಿಯ ಪದಾಧಿಕಾರಿಗಳಿಗೆ ಇರಕೂಡದು.

2. ವಿಶೇಷಣಗಳಿಗೆ ಬದಲು ಅಳತೆ ಇರಲಿ. ಒತ್ತಿದ ಹಿಮದ ದಪ್ಪವೆಷ್ಟು, ಎಷ್ಟು ಕಿಲೋಮೀಟರ್ ಹದಗೊಂಡಿದೆ, ಎಲ್ಲಿ ಮಣ್ಣು ಕಾಣುತ್ತಿದೆ, ಎಲ್ಲಿ ನೀರು ನಿಂತಿದೆ ಎಂಬುದನ್ನು ತಿಳಿಸಬೇಕು.

3. ಪ್ರತಿ ವರದಿಗೂ ದಿನಾಂಕ, ಹೊತ್ತು ನಮೂದಾಗಬೇಕು. ಮೂರು ದಿನ ಹಳೆಯ ವರದಿಯನ್ನು ತೆಗೆಯದೆ ಉಳಿಸಿಕೊಳ್ಳುವುದೂ ಒಂದು ಬಗೆಯ ಸುಳ್ಳೇ.

4. ಹಾದಿಯ ಸ್ಥಿತಿಯನ್ನೂ ಕೆರೆಯ ಮಂಜುಗಡ್ಡೆಯ ಸ್ಥಿತಿಯನ್ನೂ ಎಂದಿಗೂ ಬೆರೆಸಬಾರದು.

5. ಹಿಮವಿಲ್ಲದಿದ್ದರೆ ಮುಂಗಡ ಹಿಂದಿರುಗಿಸುವ ಅಥವಾ ದಿನಾಂಕ ಬದಲಿಸಿಕೊಡುವ ಷರತ್ತನ್ನು ಋತುವಿಗೆ ಮೊದಲೇ ಎಲ್ಲ ಸದಸ್ಯರೂ ಒಪ್ಪಿ ಪ್ರಕಟಿಸಬೇಕು. ಮುಂಗಡ ಹಿಂದಿರುಗಿಸಬೇಕಾದವನಿಗೆ ಉತ್ಪ್ರೇಕ್ಷೆಯಿಂದ ಲಾಭವಿಲ್ಲ.

6. ಹಳೆಯ ವರದಿಗಳನ್ನು ಅಳಿಸದೆ ಕಾಪಾಡಬೇಕು.

ನಮ್ಮ ನಾಡಿಗೆ ಅನ್ವಯ

ಅಮೆರಿಕದ ಆ ಚಳಿಗಾಲವನ್ನು ಬೆಚ್ಚಗಾಗಿಸಿದ ಕಾರಣಗಳಲ್ಲಿ ಶಾಂತ ಸಾಗರದ ಎಲ್ ನಿನೋ ಒಂದು. ಅದಕ್ಕೆ ಕೆಲವೇ ತಿಂಗಳ ಮೊದಲು ಅದೇ ಎಲ್ ನಿನೋ ನಮ್ಮ ಮುಂಗಾರನ್ನೂ ಬಾಧಿಸಿತ್ತು. 2023ರ ಆಗಸ್ಟ್ ಭಾರತದಲ್ಲಿ 1901ರಿಂದೀಚೆಗೆ ಅತ್ಯಂತ ಕಡಿಮೆ ಮಳೆಯಾದ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಹಿಮವನ್ನು ನಂಬಿದ ಅಲ್ಲಿನ ವರ್ತಕನೂ ಮಳೆಯನ್ನು ನಂಬಿದ ಇಲ್ಲಿನ ವರ್ತಕನೂ ಒಂದೇ ವರ್ಷದಲ್ಲಿ ಒಂದೇ ಬಗೆಯ ಇಕ್ಕಟ್ಟಿಗೆ ಸಿಲುಕಿದ್ದರು.

ಜೋಗದ ನೀರು ಮಳೆಯನ್ನೂ ಲಿಂಗನಮಕ್ಕಿ ಜಲಾಶಯದ ಮಟ್ಟವನ್ನೂ ಅವಲಂಬಿಸಿದೆ. ಆದರೆ ಜಾಹೀರಾತಿನ ಚಿತ್ರದಲ್ಲಿ ಅದು ಸದಾ ತುಂಬಿ ಧುಮುಕುತ್ತಿರುತ್ತದೆ. ಶಿರಾಡಿ ಘಾಟಿಯಲ್ಲಿ 2024ರ ಜುಲೈ ಕೊನೆಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗ, ಮಂಗಳೂರು ಬಂದರಿಗೆ ಸರಕು ಕಳುಹಿಸುವವರಿಗೆ ಬೇಕಿದ್ದದ್ದು ಸಮಾಧಾನದ ಮಾತಲ್ಲ. ದಾರಿ ಯಾವಾಗ, ಯಾವ ತೂಕದ ಲಾರಿಗೆ ತೆರೆಯುವುದೆಂಬ ಖಚಿತ ಮಾಹಿತಿ. ವಸತಿಗೃಹ, ಹೋಂಸ್ಟೇ, ಸಾಗಾಣಿಕೆ ನಡೆಸುವ ನಮ್ಮ ಸದಸ್ಯರು ಮೇಲಿನ ಆರು ಕ್ರಮಗಳಲ್ಲಿ ಹಿಮದ ಬದಲು ಮಳೆಯನ್ನೂ ದಾರಿಯನ್ನೂ ಇಟ್ಟು ಓದಿಕೊಳ್ಳಬಹುದು. ಮುಂದಿನ ಮುಂಗಾರಿಗೆ ಮೊದಲು ಜಿಲ್ಲಾ ಮಟ್ಟದ ಮಂಡಳಿಗಳು ಸಭೆ ಸೇರಿ ಇಂತಹ ಒಂದು ವರದಿ ಪದ್ಧತಿಯನ್ನು ಪ್ರಯೋಗಕ್ಕೆ ತರುವುದು ಅಪೇಕ್ಷಣೀಯ. ಅದಕ್ಕೆ ದೊಡ್ಡ ಬಂಡವಾಳವೇನೂ ಬೇಕಿಲ್ಲ.

ಹವಾಮಾನವು ಹಿಂದಿನಂತೆ ನಂಬಲರ್ಹವಾಗಿ ಉಳಿದಿಲ್ಲ. ಇಂತಹ ಋತುಗಳು ಮರಳಿ ಬರಲಿವೆ. ಮಳೆಯನ್ನಾಗಲಿ ಹಿಮವನ್ನಾಗಲಿ ಸುರಿಸುವುದು ವರ್ತಕನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಅದರ ಕುರಿತು ಆಡುವ ಮಾತು ಮಾತ್ರ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಹಿರಿಯರ ಮಾತನ್ನು ನೆನೆದು, ವರುಷಗಳ ಕಾಲ ಗಳಿಸಿದ ನಂಬಿಕೆಯನ್ನು ಒಂದು ವಾರಾಂತ್ಯದ ಬಾಡಿಗೆಗಾಗಿ ಒಡೆಯದಿರುವುದೇ ವಿವೇಕ.