ಫುಲ್ ಸ್ಟ್ಯಾಕ್ ವೃತ್ತಿ: ಪದರಗಳು ಕೂಡುವೆಡೆಯ ಅರಿವು

ಜಾಲತಾಣವೊಂದರ ಕಣ್ಣಿಗೆ ಕಾಣುವ ಪುಟದಿಂದ ಹಿಡಿದು, ಅದರ ಹಿಂದೆ ದೂರದ ಸರ್ವರ್‌ನಲ್ಲಿ ನಡೆಯುವ ವ್ಯವಹಾರ ಹಾಗೂ ಮಾಹಿತಿಯನ್ನು ಕಾಪಿಡುವ ಡೇಟಾಬೇಸ್‌ವರೆಗೆ ಎಲ್ಲ ಪದರಗಳನ್ನೂ ಕಟ್ಟಿ ನಿರ್ವಹಿಸಬಲ್ಲವರನ್ನು ತಂತ್ರಾಂಶ ಉದ್ಯಮ ‘ಫುಲ್ ಸ್ಟ್ಯಾಕ್ ಡೆವಲಪರ್’ ಎಂದು ಕರೆಯುತ್ತದೆ. ಎಂಜಿನಿಯರಿಂಗ್, ಬಿಸಿಎ ಅಥವಾ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಅರಸುವ ಅನೇಕ ಯುವಜನರಿಗೆ ಈ ಹುದ್ದೆಯೇ ಮೊದಲ ಗುರಿ. ಬಿಟಿಎಂ ಬಡಾವಣೆ, ಮಾರತ್ತಹಳ್ಳಿಗಳಲ್ಲಿ ಸಾಲುಗಟ್ಟಿರುವ ತರಬೇತಿ ಕೇಂದ್ರಗಳು ಕೆಲವೇ ತಿಂಗಳುಗಳಲ್ಲಿ ಅಲ್ಲಿಗೆ ತಲುಪಿಸುವ ಭರವಸೆ ನೀಡುತ್ತವೆ. ಈ ಭರವಸೆಯ ದೌರ್ಬಲ್ಯ ಅದರ ಅವಧಿಗಿಂತ ಹೆಚ್ಚಾಗಿ ಅದರ ಪಠ್ಯದಲ್ಲಿದೆ. ಅಲ್ಲಿ ಒಂದೊಂದು ಪದರದ ಸಲಕರಣೆಗಳ ಪರಿಚಯವಾಗುತ್ತದೆಯಾದರೂ, ಪದರಗಳು ಪರಸ್ಪರ ಕೂಡುವೆಡೆಯಲ್ಲಿ ಏನು ನಡೆಯುತ್ತದೆಂಬುದು ಬಹುತೇಕ ಕಲಿಕೆಯ ಹೊರಗೇ ಉಳಿಯುತ್ತದೆ.

ಇದಕ್ಕೊಂದು ಚಾರಿತ್ರಿಕ ಕಾರಣವಿದೆ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಜಗತ್ತಿನ ಮುಂದಿಟ್ಟ ವೆಬ್‌ನ ಆರಂಭಿಕ ವರ್ಷಗಳಲ್ಲಿ ತಾಣ ಕಟ್ಟುವುದು ಒಬ್ಬರೇ ಮಾಡಬಹುದಾದಷ್ಟು ಕೆಲಸವಾಗಿತ್ತು. ಪುಟಗಳು ಸಂಕೀರ್ಣವಾಗುತ್ತ ಹೋದಂತೆ ಬಳಕೆದಾರರ ಎದುರಿನ ಭಾಗವಾದ ಫ್ರಂಟ್‌ಎಂಡ್ ಮತ್ತು ಸರ್ವರ್‌ನ ಭಾಗವಾದ ಬ್ಯಾಕ್‌ಎಂಡ್ ಬೇರೆ ಬೇರೆ ತಜ್ಞರ ಪಾಲಾದವು. ಬ್ರೆಂಡನ್ ಐಕ್ 1995ರಲ್ಲಿ ಬ್ರೌಸರ್‌ಗಾಗಿ ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆಯನ್ನು ಸರ್ವರ್‌ನಲ್ಲಿಯೂ ಸಲೀಸಾಗಿ ಬಳಸಲು ನೆರವಾಗುವ ನೋಡ್ ಜೆಎಸ್ 2009ರಲ್ಲಿ ಬಂದಾಗ, ಪುಟಗಳನ್ನು ರಚಿಸುವ ರಿಯಾಕ್ಟ್ ಎಂಬ ಸಾಧನವನ್ನು ಫೇಸ್‌ಬುಕ್ 2013ರಲ್ಲಿ ಮುಕ್ತವಾಗಿ ಒದಗಿಸಿದಾಗ, ಒಂದೇ ಭಾಷೆ ಬಲ್ಲವರು ಎರಡೂ ಬದಿಯಲ್ಲಿ ದುಡಿಯುವ ದಾರಿ ತೆರೆಯಿತು. ಭಾಷೆ ಒಂದಾದುದರಿಂದ ಹೊಸಬರ ಪ್ರವೇಶ ಸುಲಭವಾಯಿತೆಂಬುದು ನಿಜ. ಆದರೆ ಡೇಟಾಬೇಸ್‌ನ ಶಿಸ್ತು, ನೆಟ್‌ವರ್ಕ್‌ನ ಅನಿಶ್ಚಿತತೆ, ಭದ್ರತೆಯ ಜವಾಬ್ದಾರಿ ಮೊದಲಿನಂತೆಯೇ ಬೇರೆ ಬೇರೆ ವಿದ್ಯೆಗಳಾಗಿ ಉಳಿದವು.

ದಸರಾ ರಜೆಗೆ ಬೆಂಗಳೂರಿನಿಂದ ಮಂಗಳೂರಿಗೆ ಹೊರಡುವ ಬಸ್ಸೊಂದರ ಕೊನೆಯ ಆಸನವನ್ನು ಇಬ್ಬರು ಪ್ರಯಾಣಿಕರು ಏಕಕಾಲಕ್ಕೆ ಆಯ್ದುಕೊಳ್ಳುವ ಸಂದರ್ಭವನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಬ್ರೌಸರ್ ತೋರಿಸುವುದು ಪುಟ ತೆರೆದ ಕ್ಷಣದ ಸ್ಥಿತಿಯನ್ನು ಮಾತ್ರವಾದ್ದರಿಂದ ಇಬ್ಬರಿಗೂ ಆಸನ ಖಾಲಿಯಾಗಿಯೇ ಕಾಣುತ್ತದೆ. ಎರಡೂ ಕೋರಿಕೆಗಳು ಸರ್ವರ್ ತಲುಪಿದಾಗ, ಮೊದಲನೆಯದು ‘ಖಾಲಿ ಇದೆ’ ಎಂದು ಓದಿ ‘ಭರ್ತಿಯಾಗಿದೆ’ ಎಂದು ಬರೆಯುವುದಕ್ಕೂ ಮುನ್ನ ಎರಡನೆಯದು ಅದೇ ದಾಖಲೆಯನ್ನು ಓದಿಬಿಟ್ಟರೆ, ಇಬ್ಬರಿಗೂ ಒಂದೇ ಆಸನದ ಟಿಕೆಟ್ ಸಿಗುತ್ತದೆ. ಇದಕ್ಕೆ ಪರಿಹಾರ ಪುಟದ ವಿನ್ಯಾಸದಲ್ಲಿಲ್ಲ. ಒಂದು ಪ್ರಯಾಣದ ಒಂದು ಆಸನಕ್ಕೆ ಒಂದೇ ದಾಖಲೆ ಇರತಕ್ಕದ್ದೆಂಬ ನಿರ್ಬಂಧವನ್ನು ಡೇಟಾಬೇಸ್‌ನಲ್ಲಿಯೇ ವಿಧಿಸುವುದರಲ್ಲಿ, ಹಾಗೂ ಓದುವ ಮತ್ತು ಬರೆಯುವ ಕ್ರಿಯೆಗಳ ನಡುವೆ ಇನ್ನೊಂದು ಕೋರಿಕೆ ನುಸುಳದಂತೆ ತಡೆಯಬಲ್ಲ ‘ಟ್ರಾನ್ಸಾಕ್ಷನ್’ ವ್ಯವಸ್ಥೆಯನ್ನು ಸರಿಯಾಗಿ ಬಳಸುವುದರಲ್ಲಿದೆ. ಹಣ ಪಾವತಿಯ ಹಂತ ಇನ್ನಷ್ಟು ಸೂಕ್ಷ್ಮವಾದುದು. ಮಲೆನಾಡಿನ ಹಳ್ಳಿಯೊಂದರಲ್ಲಿ ಸಿಗ್ನಲ್ ಕಡಿದುಹೋಗಿ, ಖಾತೆಯಿಂದ ಹಣ ಹೋದರೂ ಉತ್ತರ ಬಾರದಿದ್ದಾಗ ಪ್ರಯಾಣಿಕರು ಮತ್ತೆ ಬಟನ್ ಒತ್ತುವುದು ಸಹಜ. ಒಂದು ಕಾಯ್ದಿರಿಸುವಿಕೆಗೆ ಒಂದು ಗುರುತು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯ ಕೋರಿಕೆ ಎಷ್ಟು ಸಲ ಬಂದರೂ ಒಮ್ಮೆ ಮಾತ್ರ ಲೆಕ್ಕಕ್ಕೆ ಹಿಡಿಯುವ ಏರ್ಪಾಡು ಇಲ್ಲದಿದ್ದರೆ ಹಣ ಎರಡು ಬಾರಿ ಕಡಿತವಾಗುತ್ತದೆ. ಬ್ರೌಸರ್ ಕಳುಹಿಸಿದ ದರವನ್ನೇ ಸರ್ವರ್ ನಂಬಿದರಂತೂ, ಅಲ್ಪ ತಾಂತ್ರಿಕ ತಿಳಿವಳಿಕೆ ಇರುವ ಯಾರಾದರೂ ಅದನ್ನು ಒಂದು ರೂಪಾಯಿಗೆ ಇಳಿಸಿ ಕಳುಹಿಸಬಹುದು. ಈ ಮೂರು ಸಮಸ್ಯೆಗಳಲ್ಲಿ ಒಂದೂ ಒಂದೇ ಪದರದೊಳಗೆ ಹುಟ್ಟುವಂಥದ್ದಲ್ಲ. ಫುಲ್ ಸ್ಟ್ಯಾಕ್ ಎಂಬ ಹುದ್ದೆ ಅಸ್ತಿತ್ವದಲ್ಲಿರಲು ನಿಜವಾದ ಕಾರಣವೂ ಇಂಥ ಸಮಸ್ಯೆಗಳೇ.

2021ರಲ್ಲಿ ಗಿಟ್‌ಹಬ್ ಕೋಪೈಲಟ್, 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಈ ಅರಿವಿನ ಬೆಲೆ ಹೆಚ್ಚಿದೆ. ಆಸನಗಳ ನಕ್ಷೆ ತೋರಿಸುವ ಪುಟವನ್ನೂ ಅದರ ಹಿಂದಿನ ಕೋಡನ್ನೂ ಕೃತಕ ಬುದ್ಧಿಮತ್ತೆಯ ಸಾಧನಗಳು ಇಂದು ನಿಮಿಷಗಳಲ್ಲಿ ಬರೆದುಕೊಡುತ್ತವೆ. ಹಾಗೆ ದೊರೆತ ಕೋಡ್ ಒಬ್ಬನೇ ಬಳಕೆದಾರ ಪರೀಕ್ಷಿಸಿದಾಗ ಚೆನ್ನಾಗಿಯೇ ನಡೆದು, ಸಾವಿರ ಜನ ಒಮ್ಮೆಲೇ ಬಂದಾಗ ಎಡವಬಹುದು. ಆ ಸಾಧ್ಯತೆಯನ್ನು ಮುಂಚಿತವಾಗಿ ಊಹಿಸಿ ತಡೆಯಬಲ್ಲವರಿಗೆ ಮಾತ್ರ ಅದನ್ನು ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರ ಸಲ್ಲುತ್ತದೆ. ಕಳವಳದ ಸಂಗತಿ ಇನ್ನೊಂದಿದೆ. ಅರ್ಜಿ ನಮೂನೆ ಕಟ್ಟುವುದು, ಸಣ್ಣ ದೋಷ ತಿದ್ದುವುದು ಮುಂತಾದ, ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದ ಕೆಲಸಗಳೇ ಈ ಸಾಧನಗಳ ಪಾಲಾಗುತ್ತಿವೆ. ಹೊಸಬರಿಗೆ ಆ ಅಭ್ಯಾಸದ ಅವಕಾಶ ಕೊಡದೆ ಅನುಭವಿಗಳನ್ನಷ್ಟೇ ಹುಡುಕುವ ಕಂಪನಿಗಳು, ಮುಂದಿನ ದಶಕದ ಅನುಭವಿಗಳು ಎಲ್ಲಿಂದ ಬರಬೇಕೆಂಬುದಕ್ಕೆ ಉತ್ತರ ಹೇಳಲಾರವು.

ಫ್ರೆಷರ್‌ಗಳ ಮಾರುಕಟ್ಟೆಯೂ ಈಗ ಉದಾರವಾಗಿಲ್ಲ. ದೊಡ್ಡ ಸೇವಾ ಕಂಪನಿಗಳ ಆರಂಭಿಕ ಸಂಬಳ ಒಂದು ದಶಕಕ್ಕೂ ಮೀರಿ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲೇ ನಿಂತಿರುವುದು ಸರ್ವವಿದಿತ. ಹಲವು ಸಣ್ಣ ಕಂಪನಿಗಳು ಇಬ್ಬರ ಕೆಲಸವನ್ನು ಒಬ್ಬರ ಸಂಬಳಕ್ಕೆ ಪಡೆಯುವ ಉಪಾಯವಾಗಿ ಈ ಹುದ್ದೆಯ ಹೆಸರನ್ನು ಬಳಸುವುದೂ ಉಂಟು. ಇಂಥ ಸನ್ನಿವೇಶದಲ್ಲಿ ಪ್ಲೇಸ್‌ಮೆಂಟ್ ಖಾತರಿಯ ಹೆಸರಿನಲ್ಲಿ ಸಾಲ ಮಾಡಿ ಶುಲ್ಕ ಕಟ್ಟುವುದಕ್ಕಿಂತ, ಮೊಜಿಲ್ಲಾದ ಎಂಡಿಎನ್ ದಾಖಲೆಗಳು, ಫ್ರೀಕೋಡ್‌ಕ್ಯಾಂಪ್ ಪಾಠಗಳಂಥ ಉಚಿತ ಸಾಮಗ್ರಿಯನ್ನು ಆಧರಿಸಿ, ಒಂದು ಡೇಟಾಬೇಸ್ ಮತ್ತು ಒಂದು ಭಾಷೆಯನ್ನು ಆಳವಾಗಿ ಕಲಿಯುವುದು ಉತ್ತಮ. ಈ ಸಾಮಗ್ರಿ ಬಹುಪಾಲು ಇಂಗ್ಲಿಷಿನಲ್ಲಿರುವುದು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ನಿಜವಾದ ತೊಡಕು; ಕರ್ನಾಟಕದ ವಿಶ್ವವಿದ್ಯಾಲಯಗಳು ಅದನ್ನು ನೀಗಿಸುವ ಕೆಲಸವನ್ನು ತಮ್ಮ ಹೊಣೆಯೆಂದು ಭಾವಿಸದಿರುವುದು ಖೇದಕರ.

ಕನ್ನಡದಲ್ಲಿ ಸೇವೆ ಒದಗಿಸುವ ತಾಣಗಳನ್ನು ಕಟ್ಟಲು ಹೊರಟವರಿಗೆ ಕಲಿಯಬೇಕಾದ ಸಂಗತಿ ಹೇರಳವಾಗಿದೆ. ಓದುಗರಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’, ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಆರು ಸಂಕೇತಗಳ ಸರಣಿಯಾಗಿದ್ದು, ಯುಟಿಎಫ್-8 ಕ್ರಮದಲ್ಲಿ 18 ಬೈಟ್ ಜಾಗ ಹಿಡಿಯುತ್ತದೆ. ಹೆಸರಿನ ಉದ್ದಕ್ಕೆ ಇಂಗ್ಲಿಷ್ ಲೆಕ್ಕದಲ್ಲಿ ಮಿತಿ ಹಾಕಿದರೆ ಕನ್ನಡದ ಹೆಸರು ಒತ್ತಕ್ಷರದ ನಡುವೆಯೇ ತುಂಡಾಗುತ್ತದೆ. ಇಂಥ ಪಾಠಗಳು ದೊರೆಯಬೇಕಾದ ಸ್ಥಳ ಅಂತಿಮ ವರ್ಷದ ಪ್ರಾಜೆಕ್ಟ್. ಅದು ಅನೇಕ ಕಾಲೇಜುಗಳಲ್ಲಿ ಹಣಕ್ಕೆ ಕೊಂಡು ತರಬಹುದಾದ, ಪ್ರದರ್ಶನದ ಮರುದಿನವೇ ನಿಂತುಹೋಗುವ ಔಪಚಾರಿಕತೆಯಾಗಿದೆ. ಅದರ ಬದಲು ಹತ್ತಿರದ ಗ್ರಂಥಾಲಯಕ್ಕೋ ಹಾಲು ಉತ್ಪಾದಕರ ಸಂಘಕ್ಕೋ ಬೇಕಾದ ಸಣ್ಣ ವ್ಯವಸ್ಥೆಯೊಂದನ್ನು ವಿದ್ಯಾರ್ಥಿಗಳಿಂದಲೇ ಕಟ್ಟಿಸಿ, ಒಂದು ಸೆಮಿಸ್ಟರ್ ಪೂರ್ತಿ ನಿಜವಾದ ಬಳಕೆದಾರರ ನಡುವೆ ನಡೆಸಲು ಬಿಟ್ಟು, ಅದು ಯಾವಾಗ ಕೆಟ್ಟಿತು, ಯಾವ ಪದರದಲ್ಲಿ ಕಾರಣ ಸಿಕ್ಕಿತು, ಹೇಗೆ ಸರಿಯಾಯಿತು ಎಂಬ ದಾಖಲೆಗೆ ಅರ್ಧದಷ್ಟಾದರೂ ಅಂಕಗಳನ್ನು ಮೀಸಲಿಡುವ ನಿಯಮವನ್ನು ವಿಶ್ವವಿದ್ಯಾಲಯಗಳು ಮುಂದಿನ ಪಠ್ಯಕ್ರಮ ಪರಿಷ್ಕರಣೆಯಲ್ಲಿಯೇ ತರಬಹುದು.