‘ಇಲ್ಲ’ವೆಂಬುದೂ ಫಲವೇ

ಸಂಶೋಧನೆಯ ಬೆಲೆಯನ್ನು ಲೋಕವು ಅದು ತಂದಿತ್ತ ವಸ್ತುವಿನಿಂದ ಅಳೆಯುತ್ತದೆ. ಹುಡುಕಹೊರಟವರಿಗೆ ಏನು ದೊರೆಯಿತೆಂಬುದೇ ಎಲ್ಲರ ಪ್ರಶ್ನೆ. ಹೇಗೆ ಹುಡುಕಿದರೆಂದು ಕೇಳುವವರು ವಿರಳ. ಎರಡು ದಶಕಗಳಿಗೂ ಮೀರಿ ಒಂದೇ ವಸ್ತುವನ್ನು ಅರಸಿ, ಅದು ಇನ್ನೂ ಕೈಗೆ ಸಿಕ್ಕಿಲ್ಲವೆಂದು ಮತ್ತೆ ಮತ್ತೆ ಜಗತ್ತಿಗೆ ತಿಳಿಸುತ್ತ ಬಂದ ವಿಜ್ಞಾನಿಯನ್ನು ನಾವು ಸೋತವರ ಸಾಲಿಗೆ ಸೇರಿಸಬೇಕೇ? ಇಟಲಿಯಲ್ಲಿ ಜನಿಸಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ನೆಲೆಸಿದ ಭೌತವಿಜ್ಞಾನಿ ಎಲೆನಾ ಅಪ್ರಿಲೆ ಅವರ ಸಾಧನೆಯನ್ನು ನೋಡಿದವರಿಗೆ ಈ ಪ್ರಶ್ನೆ ಏಳದಿರದು.

ಅವರು ಅರಸುತ್ತಿರುವುದು ಕಪ್ಪು ದ್ರವ್ಯವನ್ನು. 1933ರಲ್ಲಿ ಫ್ರಿಟ್ಸ್ ಜ್ವಿಕಿ ಎಂಬ ಖಗೋಲಜ್ಞರು ಒಂದು ಗೆಲಾಕ್ಸಿಸಮೂಹವನ್ನು ಪರೀಕ್ಷಿಸಿ, ಅಲ್ಲಿನ ಗೆಲಾಕ್ಸಿಗಳು ಕಾಣುವ ದ್ರವ್ಯದ ಆಕರ್ಷಣೆಯಿಂದ ಹಿಡಿದಿಡಲಾಗದಷ್ಟು ವೇಗದಿಂದ ಚಲಿಸುತ್ತಿವೆಯೆಂದು ಕಂಡರು. 1970ರ ದಶಕದಲ್ಲಿ ವೆರಾ ರೂಬಿನ್ ಅವರ ಅಳತೆಗಳು ಈ ಸಂಶಯವನ್ನು ಬಲಪಡಿಸಿದವು. ಬೆಳಕನ್ನು ಚೆಲ್ಲದ, ಬೆಳಕನ್ನು ತಡೆಯದ, ತೂಕವೊಂದರಿಂದಲೇ ತನ್ನ ಇರವನ್ನು ಸೂಚಿಸುವ ದ್ರವ್ಯವು ನಾವು ಬಲ್ಲ ದ್ರವ್ಯದ ಸುಮಾರು ಐದು ಪಾಲು ಇರಬೇಕೆಂಬುದು ಇಂದಿನ ಲೆಕ್ಕ. ಅದು ಏನೆಂಬುದು ಮಾತ್ರ ಯಾರಿಗೂ ತಿಳಿಯದು.

ಅಪ್ರಿಲೆ ಅವರು ನೇಪಲ್ಸಿನಲ್ಲಿ ಕಲಿತು, ಜಿನೀವಾದಲ್ಲಿ ಡಾಕ್ಟರೇಟ್ ಪಡೆದು, ಹಾರ್ವರ್ಡಿನಲ್ಲಿ ಕಾರ್ಲೊ ರುಬ್ಬಿಯಾ ಅವರೊಡನೆ ದುಡಿದು, 1986ರಲ್ಲಿ ಕೊಲಂಬಿಯಾ ಸೇರಿದರು. ಮೊದಲಿಗೆ ಅವರ ದೃಷ್ಟಿ ಆಕಾಶದತ್ತ ಇದ್ದಿತು. ದ್ರವರೂಪದ ಕ್ಸೆನಾನನ್ನು ತುಂಬಿದ ಉಪಕರಣವನ್ನು ಬಲೂನಿನಲ್ಲಿ ಮೇಲಕ್ಕೆ ಕಳುಹಿಸಿ ಗ್ಯಾಮಾ ಕಿರಣಗಳನ್ನು ಗುರುತಿಸುವುದು ಆಗಿನ ಉದ್ಯಮ. ಅದೇ ಕ್ಸೆನಾನನ್ನು ಹೊತ್ತು ಅವರು ಬಳಿಕ ಭೂಗರ್ಭಕ್ಕಿಳಿದರು.

ಇಟಲಿಯ ಗ್ರಾನ್ ಸಾಸ್ಸೊ ಪರ್ವತದಡಿ, ತಲೆಯ ಮೇಲೆ 1400 ಮೀಟರ್ ಬಂಡೆಯನ್ನು ಹೊದ್ದ ಪ್ರಯೋಗಾಲಯವೊಂದಿದೆ. ವಿಶ್ವಕಿರಣಗಳ ಗದ್ದಲವನ್ನು ಆ ಬಂಡೆ ಬಹುಮಟ್ಟಿಗೆ ತಡೆಯುತ್ತದೆ. ಕಪ್ಪು ದ್ರವ್ಯದ ಕಣವೊಂದು ಕ್ಸೆನಾನಿನ ಪರಮಾಣು ಬೀಜಕ್ಕೆ ತಾಗಿದರೆ ಒಂದು ಕ್ಷೀಣವಾದ ಮಿಂಚು ಮೂಡಬೇಕು. ಹೊರಬಿದ್ದ ಎಲೆಕ್ಟ್ರಾನುಗಳು ದ್ರವದ ಮೇಲ್ಭಾಗವನ್ನು ಸೇರಿದಾಗ ಎರಡನೆಯ ಮಿಂಚು ಹೊಳೆಯಬೇಕು. ಈ ಎರಡರ ಪ್ರಮಾಣವನ್ನು ಹೋಲಿಸಿ, ಬಂದವನು ಬೇಕಾದ ಅತಿಥಿಯೋ ಬೇಡದ ದಾರಿಹೋಕನೋ ಎಂದು ನಿರ್ಣಯಿಸುವರು. ಮೊದಲ ಯಂತ್ರದಲ್ಲಿ ಕೆಲಸಕ್ಕೊದಗುತ್ತಿದ್ದ ಕ್ಸೆನಾನ್ ಸುಮಾರು 15 ಕಿಲೋಗ್ರಾಂ. ಇಂದಿನ ಯಂತ್ರ ಒಟ್ಟು 8 ಟನ್ನಿಗೂ ಹೆಚ್ಚನ್ನು ಹಿಡಿದಿದೆ. ಹಲವು ದೇಶಗಳ ವಿಜ್ಞಾನಿಗಳು ಈ ಬಳಗದಲ್ಲಿದ್ದಾರೆ.

ಫಲವೇನು? ಪ್ರತಿ ಯಂತ್ರವೂ ಹಿಂದಿನದಕ್ಕಿಂತ ಸೂಕ್ಷ್ಮವಾಯಿತು. ಪ್ರತಿ ಸಲವೂ ಬಂದ ಉತ್ತರ ‘ಇಲ್ಲ’. 2020ರಲ್ಲಿ ನಿರೀಕ್ಷೆಗಿಂತ ಹೆಚ್ಚಾದ ಕೆಲವು ಸಂಜ್ಞೆಗಳು ಕಂಡವು. ಹೊಸ ಕಣದ ಸುಳಿವಿರಬಹುದೆಂದು ಲೋಕವು ಕಿವಿ ನಿಮಿರಿಸಿತು. ಆದರೆ ಅದನ್ನು ಪ್ರಕಟಿಸಿದ ಬಳಗವೇ, ಒಂದಿಷ್ಟು ಟ್ರೀಟಿಯಮ್ಮಿನ ಕಲ್ಮಷದಿಂದಲೂ ಹೀಗಾಗಿರಬಹುದೆಂದು ಅದೇ ಉಸಿರಿನಲ್ಲಿ ಹೇಳಿತು. 2022ರಲ್ಲಿ ಅವರದೇ ಹೊಸ ಯಂತ್ರದಲ್ಲಿ ಆ ಹೆಚ್ಚುವರಿ ಕಾಣಲಿಲ್ಲ. ಅದನ್ನೂ ಅವರೇ ಸಾರಿದರು. ಕೀರ್ತಿ ಬಾಗಿಲಿಗೆ ಬಂದು ನಿಂತಾಗ ಅದರ ಗುರುತುಚೀಟಿಯನ್ನು ಕೇಳುವ ಧೈರ್ಯ ಎಲ್ಲರಿಗೂ ಬಾರದು.

ಹುಡುಕಿದ್ದು ಸಿಗದಿದ್ದರೂ ಹುಡುಕಾಟ ಬರಿದಾಗಲಿಲ್ಲ. ಕ್ಸೆನಾನ್-124 ಎಂಬ ಪರಮಾಣುವಿನ ಅತ್ಯಂತ ವಿರಳವಾದ ಕ್ಷಯವನ್ನು 2019ರಲ್ಲಿ ಇದೇ ಬಳಗ ವರದಿ ಮಾಡಿತು. ಅದರ ಅರ್ಧಾಯುಷ್ಯ ವಿಶ್ವದ ವಯಸ್ಸಿನ ಲಕ್ಷ ಕೋಟಿ ಪಟ್ಟಿಗೂ ಮಿಗಿಲು. 2024ರಲ್ಲಿ ಸೂರ್ಯನಿಂದ ಬರುವ ನ್ಯೂಟ್ರಿನೋಗಳು ಕ್ಸೆನಾನಿನ ಬೀಜಗಳನ್ನು ತಟ್ಟುವ ಸುಳಿವೂ ದೊರೆಯಿತು.

ಈ ಬಗೆಯ ತಪಸ್ಸು ನಮ್ಮ ನಾಡಿಗೆ ಹೊಸತಲ್ಲ. ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆದಿಯಲ್ಲಿಯೇ ಕೋಲಾರದ ಚಿನ್ನದ ಗಣಿಗಿಳಿದು ವಿಶ್ವಕಿರಣಗಳನ್ನು ಅಳೆದರು. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಆ ಗಣಿಯಲ್ಲಿ ದೊರೆಯಿತು. ಮುಂದೆ ಅಲ್ಲಿಯೇ ಪ್ರೋಟಾನು ಅಳಿಯುವುದೇ ಎಂಬ ಪರೀಕ್ಷೆ ನಡೆದು ಕೆಲವು ಸೂಚನೆಗಳು ಕಂಡವು. ಬೇರೆಡೆಯ ದೊಡ್ಡ ಪ್ರಯೋಗಗಳು ಅವನ್ನು ಸಮರ್ಥಿಸಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಚಿನ್ನದ ಲೆಕ್ಕವನ್ನು ಬಲ್ಲ ನಾವು ಆ ಕತ್ತಲೆಯಲ್ಲಿ ದೊರೆತ ಜ್ಞಾನದ ಲೆಕ್ಕವನ್ನು ಎಷ್ಟು ಮಂದಿಗೆ ಹೇಳಿದ್ದೇವೆ?

ವಿಜ್ಞಾನದ ಮಾತು ಸಾಹಿತ್ಯದ ಪುಟದಲ್ಲೇಕೆಂದು ವಾಚಕರು ಕೇಳಬಹುದು. ಕವಿಯ ಕಾಲ, ಕೃತಿಯ ಕರ್ತೃತ್ವ, ಶಾಸನದ ಪಾಠ ಇವುಗಳನ್ನು ಅರಸುವ ನಮ್ಮಲ್ಲಿಯೂ ‘ಆಧಾರ ಸಾಲದು’ ಎಂದು ಮುಗಿಯುವ ಪ್ರಬಂಧಗಳು ಎಷ್ಟಿವೆ? ತೀರ್ಮಾನವನ್ನು ಮೊದಲೇ ಬರೆದಿಟ್ಟು ಸಾಕ್ಷ್ಯವನ್ನು ಅದಕ್ಕೆ ಹೊಂದಿಸುವ ವಿದ್ಯಾರ್ಥಿಗೆ ಪದವಿ ಸುಲಭವಾಗಿ ದೊರೆಯುತ್ತದೆ. ಪ್ರಾಮಾಣಿಕವಾಗಿ ಹುಡುಕಿ ಬರಿಗೈಯಲ್ಲಿ ಮರಳಿದವನು ಪರೀಕ್ಷಕರ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಗುತ್ತದೆ. ಈ ಪದ್ಧತಿ ಬದಲಾಗದೆ ನಮ್ಮ ವಿದ್ವತ್ತಿಗೆ ಏಳಿಗೆಯಿಲ್ಲ. ಎಲ್ಲಿ ಇಲ್ಲವೆಂಬುದನ್ನು ಖಚಿತವಾಗಿ ತಿಳಿಸಿದವನು ಮುಂದೆ ಹುಡುಕುವವನ ದಾರಿಯನ್ನು ಅಷ್ಟರಮಟ್ಟಿಗೆ ಕಿರಿದುಗೊಳಿಸಿರುತ್ತಾನೆ. ನಮ್ಮ ಅಧ್ಯಾಪಕರು ಆ ಉಪಕಾರಕ್ಕೂ ಅಂಕ ಕೊಡುವುದನ್ನು ಕಲಿಯಲಿ.